ಇನ್ಸುಲಿನ್ ಮತ್ತು ಸ್ನಾನದ ನೀರು

ಕುರ್ಲಾ, ಮುಂಬಯಿ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ಇವರ ಲ್ಯಾಬಿನ ಪ್ರಯೋಗ ಗೆದ್ದಿತು ಅಪ್ಪಾ! ಇನ್ಸುಲಿನ್ ಹಾಕಿದೊಡನೆ ಮೀನಿನ ಲಿವರ್‌ನ ಜೀವಕೋಶಗಳು ಸಕ್ಕರೆಯನ್ನು ತಮ್ಮೊಳಗೆ ಕೂಡಿಟ್ಟುಕೊಂಡವಂತೆ. ಕುಣಿಯುವಷ್ಟು ಸಂತೋಷ, ಆದರೆ ಕುಣಿಯಲು ತ್ರಾಣವಿಲ್ಲ. ಇವರ ಮೈಯ ಮೀನಿನ ವಾಸನೆ ತೊಳೆಯಲು ದಿನವೂ ಚಾಳಿನ ನಲ್ಲಿಯಿಂದ ನೀರು ಹೊತ್ತು ಈ ಹೊಸ ಮದುವಣಗಿತ್ತಿಯ ಸೊಂಟ ಬಿದ್ದುಹೋಗಿದೆ. "ಮಡಿವಂತ ಮಾವನವರಿಗೆ ಮಾತ್ರ ಬರೆಯಬೇಡ ಕಣೇ" ಎನ್ನುತ್ತಾರೆ.

ದನದ ಅಂಗದಿಂದ ತೆಗೆದದ್ದೆಂದು ನೀವು ಇನ್ಸುಲಿನ್ ಮುಟ್ಟುತ್ತಿಲ್ಲವಂತೆ; ಸಕ್ಕರೆ ಕಾಯಿಲೆಯ ಹುಣ್ಣು ಕಾಲಿನಲ್ಲಿ ಮೇಲೇರುತ್ತಿದೆಯೆಂದು ಅಮ್ಮ ಬರೆದಿದ್ದಾಳೆ. ಮೋಸಂಬಿಗೆ ಚುಚ್ಚಿ ಚುಚ್ಚಿ ನಾನು ಇಂಜೆಕ್ಷನ್ ಕೊಡುವುದನ್ನು ಕಲಿತಿದ್ದೇನೆ. ಚುಚ್ಚಿಸಿಕೊಂಡ ಮೇಲೆ ನೀವು ಎಷ್ಟು ಸಲ ಬೇಕಾದರೂ ಸ್ನಾನ ಮಾಡಿ, ನೀರು ನಾನೇ ಹೊರುತ್ತೇನೆ. ಹಂಡೆ ತೊಳೆಸಿಡಲು ಅಮ್ಮನಿಗೆ ಹೇಳಿ.

ಶುಕ್ರವಾರ ಬೆಳಿಗ್ಗೆ ಪೂನಾ ಮೇಲ್‌ನಲ್ಲಿ ತುಮಕೂರಿಗೆ ಬರುತ್ತೇನೆ.

ನಿಮ್ಮ
ಶಾಮಲಾ