ಕರಡಿಮರಿಯ ನಗು

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಕರಡಿಮರಿಗೆ ಹೆಜ್ಜೆ ಸದ್ದು ಕೂಡಿಸಿದೆ. ಹಳೇ ಕಂಬಳಿಯ ಮೇಲೆ ಮುಷ್ಟಿಯಿಂದ ಗುದ್ದಿದರೆ ಆಯಿತು, ಕರಡಿ ನಡೆದಂತೆ. ಓದಿ ಉದ್ಧಾರವಾಗಿದ್ದು ಇಷ್ಟೇ! ಬೇಸಿಗೆ ರಜೆಗೆ ಬಿಡುಗಡೆಯಾಗುವ ಮಕ್ಕಳ ಕಾರ್ಟೂನ್ ಸಿನಿಮಾ, ಅದಕ್ಕೆ ಸದ್ದು ಕೂಡಿಸುವುದು ನನ್ನ ಕೆಲಸ. ಮರಿ ಅಜ್ಜಿಯ ಸೂಟ್‌ಕೇಸಿನಲ್ಲಿ ಅಡಗಿ ಸಮುದ್ರ ನೋಡಲು ಹೊರಡುತ್ತದೆ. ದಾರಿಯಲ್ಲಿ ಸೂಟ್‌ಕೇಸ್ ಸಮೇತ ಗುಡ್ಡದಿಂದ ಜಾರುತ್ತದೆ. ಅಲ್ಲೊಂದು ನಗು ಬೇಕು. ಡಬ್ಬಿಂಗ್‌ಗೆ ಬಂದ ಮಕ್ಕಳದ್ದೋ, ಮಗ್ಗಿ ಒಪ್ಪಿಸಿದಂಥ ನಗು. ಸದ್ಯಕ್ಕಿರಲಿ ಎಂದು ಹಳೇ ಫೋಲ್ಡರಿನಿಂದ ಯಾವುದೋ ನಗು ಎಳೆದು ಹಾಕಿದೆ. ಕೇಳಿಯೂ ನೋಡಲಿಲ್ಲ. ಹಸಿವಾಗಿತ್ತು.

ಮಾರ್ಚ್ 4

ಡೈರೆಕ್ಟರಿಗೆ ತೋರಿಸಿದೆ. ಮರಿ ಜಾರಿತು, ನಕ್ಕಿತು.

ಆ ನಗು ಗುಂಡನದು. ಅಕ್ಕನ ಮಗ. ಎರಡು ವರ್ಷದ ಹಿಂದೆ ರಜೆಯಲ್ಲಿ ಸ್ಟುಡಿಯೋಗೆ ಬಂದಿದ್ದಾಗ ಕಚಗುಳಿ ಇಟ್ಟು ರೆಕಾರ್ಡ್ ಮಾಡಿದ್ದೆ. ಹೋದ ವರ್ಷ ಜ್ವರ ಬಂತು... ಆಸ್ಪತ್ರೆಯಿಂದ ಅವನು ಮನೆಗೆ ಬರಲೇ ಇಲ್ಲ.

ಡೈರೆಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಅಬ್ಬಾ, ಏನ್ ನಗು ರೀ ಇದು! ಇದೇ ಇರ್ಲಿ. ಮುಟ್ಟಬೇಡಿ."

ನಮ್ಮ ಕಸುಬಿನ ಶಾಪವೇ ಇದು. ಸದ್ಯಕ್ಕೆಂದು ಹಾಕಿದ್ದರ ಮೇಲೇ ಎಲ್ಲರಿಗೂ ಪ್ರೀತಿ ಹುಟ್ಟುತ್ತದೆ.

ಮಾರ್ಚ್ 9

ಆ ದೃಶ್ಯದ ಕೆಲಸ ಮುಗಿಯುತ್ತಿಲ್ಲ. ಗಾಳಿ ಸೇರಿಸು, ಮತ್ತೆ ಕೇಳು. ಚಕ್ರದ ಸದ್ದು ತಗ್ಗಿಸು, ಮತ್ತೆ ಕೇಳು. ಪ್ರತಿ ಸಲವೂ ಅದೇ ಜಾಗದಲ್ಲಿ ಉಸಿರೆಳೆದುಕೊಂಡು ನಗುತ್ತಾನೆ. ಹೆಡ್‌ಫೋನ್ ತೆಗೆದಿಟ್ಟರೂ ನಿಲ್ಲುವುದಿಲ್ಲ. ಇವತ್ತು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟಾಗ ಕೇಳಿಸಿತು. "ಲೋ ಗುಂಡ, ಸಾಕು ಬಿಡೋ" ಎಂದೆ — ಜೋರಾಗಿಯೇ. ಭಯವಾಯಿತು. ಅಕ್ಕ ಇದನ್ನು ಕೇಳಿಬಿಟ್ಟರೆ? ಎದೆ ಒಡೆದು ಸಾಯುತ್ತಾಳೆ.

ಮಾರ್ಚ್ 11

ಸುಳ್ಳು ಹೇಳಿದೆ. "ಸರ್, ಆ ಮಗುವಿನ ತಾಯಿ ಒಪ್ತಾ ಇಲ್ಲ."

"ನಾನ್ ಮಾತಾಡ್ಲಾ?"

"ಬೇಡ ಸರ್, ತುಂಬಾ ಹಟದ ಹೆಂಗಸು."

ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಪೋಸ್ಟರ್ ಬರೆಯುವವನ ಮಗಳನ್ನು ಕರೆಸಿ ನಗಿಸಿದೆ. ಚೆನ್ನಾಗಿಯೇ ನಕ್ಕಳು. ಬದಲಾಯಿಸಿದೆ.

ಮಾರ್ಚ್ 24

ಸದ್ದುಗಳನ್ನೆಲ್ಲ ಬೆರೆಸುವ ಮಿಕ್ಸಿಂಗ್ ಮುಗಿಯಿತು. ಪೀಡೆ ತೊಲಗಿತು ಎಂದು ಬರೆಯಹೋದೆ. ಥೂ! ಗುಂಡ ಪೀಡೆಯೇ?

ಏಪ್ರಿಲ್ 2

ಅಕ್ಕನ ಮನೆಯಲ್ಲಿ ಊಟ. ನಡುವೆ ಇದ್ದಕ್ಕಿದ್ದಂತೆ ಅಂದಳು: "ಮುಖ ಫೋಟೋದಲ್ಲಿದೆ ಕಣೋ. ಅವನ ದನೀನೇ ಮರೀತಾ ಇದೀನಿ. ನಾನೆಂಥಾ ತಾಯಿ?"

ನನ್ನ ಸುಡುಗಾಡು ನಾಲಿಗೆ! "ಅಕ್ಕಾ, ನಮ್ ಕರಡಿಮರಿಗೆ ಗುಂಡನ ನಗೂನೇ ಹಾಕಿದ್ದೆ" ಎಂದುಬಿಟ್ಟೆ. ಆಮೇಲೆ ತೆಗೆದೆ ಎನ್ನುವಷ್ಟರಲ್ಲಿ ಅವಳು ಎದ್ದು ಬಂದು ಊಟದ ಕೈಯಲ್ಲೇ ನನ್ನ ಕೆನ್ನೆ ಹಿಡಿದಿದ್ದಳು.

"ನನ್ ಗುಂಡ ಸಿನಿಮಾದಲ್ಲಿ ನಗ್ತಾನಾ?"

"ತಡಿ, ಅದನ್ನ ಮೊಬೈಲಲ್ಲೇ ಕೇಳಿಸ್ತೀನಿ—"

"ಬೇಡ. ಥಿಯೇಟರ್‌ನಲ್ಲೇ ಕೇಳ್ತೀನಿ. ಅಷ್ಟೊಂದ್ ಮಕ್ಕಳ ಮಧ್ಯೆ ನಗ್ಲಿ ಅವನು."

ಆ ನಗು ತೆಗೆದದ್ದನ್ನು ಹೇಳದೆಯೇ ಎದ್ದು ಬಂದೆ.

ಏಪ್ರಿಲ್ 3

ಡೈರೆಕ್ಟರ ಕಾಲಿಗೆ ಬೀಳುವುದೊಂದು ಬಾಕಿ. "ತಾಯಿ ಒಪ್ಪಿದ್ದಾರೆ ಸರ್."

"ಹುಡುಗಾಟನಾ? ಸಿನಿಮಾ ಥಿಯೇಟರ್‌ಗಳಿಗೆ ಹೋಗಾಯ್ತು."

ಮಾಡಿದ್ದುಣ್ಣೋ ಮಹರಾಯ.

ಏಪ್ರಿಲ್ 12, ಸಂಜೆ

ನೋಡಿ ಬಂದೆವು. ಮಕ್ಕಳ ಗಲಾಟೆಗೆ ಕಿವಿ ತೂತು. ಗುಡ್ಡ ಬಂತು, ಸೂಟ್‌ಕೇಸ್ ಜಾರಿತು, ಪೋಸ್ಟರಿನವನ ಮಗಳು ನಕ್ಕಳು. ಥಿಯೇಟರಿಗೆ ಥಿಯೇಟರೇ ಕೇಕೆ ಹಾಕಿತು. ಅಕ್ಕ ನನ್ನ ಕೈ ಹಿಸುಕಿದಳು. ಸಿಕ್ಕಿಬಿದ್ದೆ ಎಂದುಕೊಂಡೆ.

"ಅವನೇ ಕಣೋ" ಎಂದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಮರ್ತೇ ಇಲ್ಲ ನಾನು. ಅವನೇ."

"ಹೂಂ" ಎಂದೆ.

ಏಪ್ರಿಲ್ 13

ಬೆಳಿಗ್ಗೆಯೇ ಅಕ್ಕನ ಫೋನು. ಚೆನ್ನಾಗಿ ನಿದ್ದೆ ಮಾಡಿದಳಂತೆ, ಅವನು ಹೋದ ಮೇಲೆ ಮೊದಲ ಸಲ. ನಗುವನ್ನು ಮೊಬೈಲಿಗೆ ಕಳಿಸಬೇಕಂತೆ, ದಿನಾ ಕೇಳಲು. "ಥಿಯೇಟರ್‌ನಲ್ಲಿ ಕೇಳಿದ್ನಲ್ಲ, ಅದೇ."

ಎರಡೂ ನನ್ನ ಮುಂದಿವೆ. ಗುಂಡನದ್ದು ಕಳಿಸಿದರೆ, ಹೆತ್ತ ಮಗನ ನಗುವನ್ನೇ ಗುರುತಿಸಲಿಲ್ಲ ಎಂದು ಅವಳಿಗೆ ತಿಳಿಯುತ್ತದೆ. ಆ ಹುಡುಗಿಯದ್ದು ಕಳಿಸಿದರೆ, ಗುಂಡನ ನಗು ನೆನಪಿರುವವನು ನಾನೊಬ್ಬನೇ ಆಗುತ್ತೇನೆ. ಅವಳೊಳಗೆ ಉಳಿದಿದ್ದ ಚೂರೂ ಅಳಿಸಿಹೋಗುತ್ತದೆ.

ಮತ್ತೆ ಫೋನು. ಎತ್ತಿದೆ.

"ಕಳ್ಸಿದ್ಯೇನೋ?"

"ಇಗೋ ಅಕ್ಕಾ, ಈಗ—"

ಯಾವುದರ ಮೇಲೆ ಬೆರಳು ಇಟ್ಟಿದ್ದೇನೆಂದರೆ...