ಊದಿನಕಡ್ಡಿಯ ಹೊಗೆ ಹೋದ ಕಡೆ

ಮೇ 13, 2007, ನಾಗಪುರ. ಭಾನುವಾರ ಮಧ್ಯಾಹ್ನ. ಕರೆಂಟ್ ಹೋಗಿದೆ, ಕೂಲರ್ ನಿಂತಿದೆ. ನಿನ್ನೆ ವಂದನಾಳನ್ನು ರಾಮದಾಸಪೇಠದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ.

ಅಪ್ಪಾ,

ವಂದನಾ ಯಾರೆಂದು ನಿನಗೆ ಗೊತ್ತಿಲ್ಲ. ನೀನು ಹೋಗಿ ನಾಲ್ಕು ವರ್ಷವಾಯಿತು, ಅವಳು ನಮ್ಮ ಕಾರ್ಖಾನೆಗೆ ಬಂದು ಎರಡು. ನನ್ನ ಕೈಕೆಳಗೆ ಪುಡಿ ತೂಗುವ ಹೆಂಗಸು. ಖಾಯಂ ನೌಕರಿಯಲ್ಲ. ದೀಪಾವಳಿಯಿಂದ ಅವಳಿಗೆ ಒಣಕೆಮ್ಮು. ನೀನು ಹುಬ್ಬಳ್ಳಿಯಿಂದ ತಂದುಕೊಡುತ್ತಿದ್ದ ಅನುವಾದದ ಕಾದಂಬರಿಗಳಲ್ಲಿ ಕೆಮ್ಮುವವರು ಕರವಸ್ತ್ರದಲ್ಲಿ ರಕ್ತ ಕಾಣುತ್ತಿದ್ದರು, ಮುಂದೇನಾಗುತ್ತದೆಂದು ಓದುವವರಿಗೆ ತಿಳಿಯುತ್ತಿತ್ತು. ವಂದನಾಳ ಕೆಮ್ಮಿನಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಎಕ್ಸ್‌ರೇ ಕೂಡ ಸ್ವಚ್ಛ.

ಇಲ್ಲಿನ ಕಳಮನಾ ಮಾರ್ಕೆಟ್ಟಿನಲ್ಲಿ ನೀನು ಮೆಣಸಿನಕಾಯಿ ತೂಗುತ್ತಿದ್ದ ಬೆಳಗುಗಳು ನೆನಪಾಗುತ್ತಿವೆ. ರಜೆಯಲ್ಲಿ ನಾನು ಬುತ್ತಿ ತರುತ್ತಿದ್ದೆ. ಮೊದಲ ಚೀಲ ಏರಿಸುವ ಮುಂಚೆ ನೀನು ತೂಕದ ಕಾಟಾದ ಕಂಬಕ್ಕೆ ಒಂದು ಊದಿನಕಡ್ಡಿ ಸಿಕ್ಕಿಸುತ್ತಿದ್ದೆ. ಎಲ್ಲರೂ ಅದನ್ನು ಪೂಜೆ ಎಂದೇ ತಿಳಿದಿದ್ದರು. ನೀನು ಮಾತ್ರ ಕೈಮುಗಿಯದೆ ಹೊಗೆಯನ್ನೇ ನೋಡುತ್ತಿದ್ದೆ, ಆಮೇಲೆ ಹಮಾಲರನ್ನು ಹೊಗೆ ಹೋಗದ ಕಡೆಗೆ ಸರಿಸುತ್ತಿದ್ದೆ. ಒಬ್ಬ ಹಮಾಲ ಛೇಡಿಸಿದ್ದ: “ಕಾಕಾ, ಉದಬತ್ತಿ ದೇವಾಲಾ ಕೀ ಆಮ್ಹಾಲಾ?” ಕಡ್ಡಿ ದೇವರಿಗೋ ನಮಗೋ ಎಂದು. ನೀನು ತಲೆ ಎತ್ತದೆ, “ದೇವಾಲಾ ಖೋಕಲಾ ಯೇತ್ ನಾಹೀ ರೇ, ತುಲಾ ಯೇತೋ” ಅಂದಿದ್ದೆ. ದೇವರಿಗೆ ಕೆಮ್ಮು ಬರುವುದಿಲ್ಲವೋ, ನಿನಗೆ ಬರುತ್ತದೆ. ಅಷ್ಟೂ ಜನ ನಕ್ಕರು. ನಕ್ಕವರೆಲ್ಲ ಸರಿದು ನಿಂತರು.

ಮನೆಗೆ ಬರುವಾಗ ನನಗೆ ಎರಡು ಮಾತು ಹೇಳಿದ್ದೆ. “ಗಾಳಿಯಾಗ ಕಾಟಾ ಸುಳ್ಳ ಹೇಳತೈತಿ, ಗಿರಿಜಾ. ತೂಗೂಮುಂದ ಗಾಳಿ ನಿಲ್ಲಸಬೇಕು.” ಅದು ಒಂದು. “ಹೊಗಿ ಎತ್ತಾಗ ಹೊಂಟೈತಿ ನೋಡು, ಅತ್ತಾಗ ಮಂದೀನ ನಿಲ್ಲಸಬ್ಯಾಡ.” ಇದು ಎರಡನೆಯದು. ಎರಡೂ ಸೇರಿ ಒಂದೇ ಪಾಠ ಎಂದು ನನಗೆ ಆಗ ಯಾಕೆ ತಿಳಿಯಲಿಲ್ಲ?

ನಾವು ಮಾಡುವುದು ಬಣ್ಣಕ್ಕೆ ಬೆರೆಸುವ ಒಂದು ಬಿಳಿ ಪುಡಿ. ಅದರ ಕಣ ಎಷ್ಟು ಸಣ್ಣದೆಂದರೆ, ಒಂದು ಕೂದಲಿನ ಅಗಲದಲ್ಲಿ ಸಾವಿರದಷ್ಟು ಕಣ ಸಾಲಾಗಿ ಕೂರುತ್ತವೆ. ನ್ಯಾನೋ ಅನ್ನುತ್ತಾರೆ. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಪುಡಿ ಎದ್ದೇಳುತ್ತದೆ. ಅದಕ್ಕೇ ಗಾಜಿನ ಬಾಗಿಲಿನ ಒಂದು ಕಪಾಟಿನೊಳಗೆ ತೂಗಬೇಕು. ಕಪಾಟಿನ ನೆತ್ತಿಯ ಪಂಖ ಒಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಆದರೆ ಪಂಖ ತಿರುಗಿದರೆ ತಕ್ಕಡಿಯ ಅಂಕಿ ನಿಲ್ಲುವುದಿಲ್ಲ, ಕೊನೆಯ ಎರಡು ಸ್ಥಾನ ಕುಣಿಯುತ್ತಲೇ ಇರುತ್ತವೆ. ನಿನಗೆ ಗೊತ್ತಲ್ಲ, ನನಗೆ ಅದನ್ನು ಸಹಿಸಲು ಆಗುವುದಿಲ್ಲ. ತೂಗುವಾಗ ಪಂಖ ನಿಲ್ಲಿಸು ಎಂದು ವಂದನಾಳಿಗೆ ಹೇಳಿಕೊಟ್ಟವಳು ನಾನೇ. ನಿನ್ನ ಮೊದಲ ಮಾತು. ಆಮೇಲಾಮೇಲೆ ಅವಳೇ ಚಮಚ ಹಿಡಿದು ಕೇಳುತ್ತಿದ್ದಳು, “ಮ್ಯಾಡಮ್, ಪಂಖಾ ಬಂದ್ ಕರೂ?” ನಾನು ತಲೆಯಾಡಿಸುತ್ತಿದ್ದೆ. ಎರಡು ವರ್ಷ, ದಿನಕ್ಕೆ ಎಷ್ಟು ಸಲವೋ…

ತಿಂಗಳ ಕೊನೆಗೆ ಒಂದು ಫಾರಂ ತುಂಬುತ್ತೇನೆ. ಕೋಣೆಯ ಗಾಳಿಯನ್ನು ಒಂದು ಬಿಳಿ ಹಾಳೆಯ ಮೂಲಕ ಎಳೆದು, ಹಾಳೆಯ ತೂಕ ಎಷ್ಟು ಹೆಚ್ಚಿತು ಎಂದು ನೋಡಿ, ಧೂಳು ಇಷ್ಟು ಎಂದು ಬರೆಯುವುದು. ಪ್ರತಿ ತಿಂಗಳೂ ಇಲ್ಲವೆನ್ನುವಷ್ಟೇ ಬಂತು, ಪ್ರತಿ ತಿಂಗಳೂ ಸಹಿ ಮಾಡಿದೆ. ತೂಕವೇ ಇಲ್ಲದ್ದನ್ನು ತೂಗಿ, ಇಲ್ಲ ಎಂದು ಬರೆದವಳು ನಿನ್ನ ಮಗಳು. ಕಾಟಾದ ಕೆಲಸದಲ್ಲಿ ಬಾಳು ಕಳೆದ ನೀನು ನನ್ನ ಬಗ್ಗೆ ಏನನ್ನುತ್ತಿದ್ದೆಯೋ.

ಮಾರ್ಚಿನಲ್ಲಿ ವಂದನಾಳ ಕೆಮ್ಮಿನ ವಿಷಯ ಮ್ಯಾನೇಜರರಿಗೆ ಹೇಳಿದೆ. ಅವರು ನಕ್ಕರು. “ಅರೇ ಮ್ಯಾಡಮ್, ಯೇ ತೋ ಟೂಥ್‌ಪೇಸ್ಟ್ ಮೇ ಭೀ ಹೈ. ಲೋಗ್ ಮುಂಹ್ ಮೇ ಡಾಲತೇ ಹೈ. ಆಪ್ ನಾವೆಲ್ ಬಹುತ್ ಪಢತೀ ಹೋ.” ಜನ ಬಾಯಿಗೆ ಹಾಕಿಕೊಳ್ಳುವುದೇ ಇದು, ನೀವು ಕಾದಂಬರಿ ಓದುವುದು ಹೆಚ್ಚಾಯಿತು ಎಂದು. ಬಾಯಿಗೆ ಹೋಗುವುದಕ್ಕೂ ಉಸಿರಿಗೆ ಹೋಗುವುದಕ್ಕೂ ವ್ಯತ್ಯಾಸವಿದೆ ಎನ್ನಬೇಕಿತ್ತು. ತಿಂಗಳ ಫಾರಂ ಮೇಜಿನ ಮೇಲಿತ್ತು, ಅದಕ್ಕೂ ಸಹಿ ಹಾಕಿ ಬಂದೆ.

ನಿನ್ನೆ ಡಾಕ್ಟರು ಪುಡಿಯ ಹೆಸರು ಕೇಳಿ, ಕಣದ ಅಳತೆ ಕೇಳಿ, ಎರಡನ್ನೂ ಚೀಟಿಯಲ್ಲಿ ಬರೆದುಕೊಂಡರು. ಇಷ್ಟು ಸಣ್ಣದರ ಬಗ್ಗೆ ತನಗೆ ತಿಳಿಯದು ಎಂದರು. ಪ್ರಾಮಾಣಿಕ ಮನುಷ್ಯ. ಆಮೇಲೆ, “ಆ ಕೋಣೆಯಲ್ಲಿ ಗಾಳಿ ಯಾವ ಕಡೆ ಹೋಗುತ್ತದೆ?” ಎಂದು ಕೇಳಿದರು. ಅಪ್ಪಾ, ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ವರ್ಷ ಆ ಕೋಣೆಯ ಯಜಮಾನಿಯಾಗಿದ್ದವಳಿಗೆ.

ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಊದಿನಕಡ್ಡಿ ಕೊಂಡು, ಇಬ್ಬರೂ ಆಟೋದಲ್ಲಿ ಕಾರ್ಖಾನೆಗೆ ಹೋದೆವು. ಪುಡಿಯ ಡಬ್ಬಿಗಳನ್ನು ಬಿಗಿಯಾಗಿ ಮುಚ್ಚಿ ಬೇರೊಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆವು. ಬೇಸಿಗೆಯಲ್ಲಿ ಕೋಣೆಗೆ ಒಂದು ಕೂಲರ್ ಇದೆ, ತಕ್ಕಡಿಗೆ ಗಾಳಿ ತಾಗದಿರಲೆಂದು ಅದರ ಮುಖವನ್ನು ಗೋಡೆಗೆ ತಿರುಗಿಸಿದ್ದೂ ನಾನೇ. ಎಲ್ಲವನ್ನೂ ತೂಗುವ ಹೊತ್ತಿನಲ್ಲಿ ಇರುವ ಹಾಗೆಯೇ ಇಟ್ಟೆ: ಪಂಖ ಬಂದ್, ಗಾಜಿನ ಬಾಗಿಲು ಕೈ ಆಡುವಷ್ಟು ತೆರೆದು, ಕೂಲರ್ ಚಾಲೂ, ವಂದನಾ ತನ್ನ ಜಾಗದಲ್ಲಿ. ತೂಗುವ ಕಪಾಟಿನೊಳಗೆ ಕಡ್ಡಿ ಹಚ್ಚಿಟ್ಟೆ.

“ಮ್ಯಾಡಮ್, ಪೂಜಾ ಆಹೇ ಕಾ?” ಎಂದು ಅವಳು ನಕ್ಕಳು.

ಹೊಗೆ ನೆಟ್ಟಗೆ ಒಂದು ಗೇಣು ಏರಿತು. ಗೋಡೆಗೆ ಬಡಿದು ಮರಳಿ ಬಂದ ಕೂಲರಿನ ಗಾಳಿ ಅದನ್ನು ಬಾಗಿಸಿತು. ಹೊಗೆ ಕಪಾಟಿನ ಬಾಯಿಂದ ಹೊರಬಂದು, ಅವಳ ಗದ್ದಕ್ಕೆ ತಾಗಿ, ಮುಖದ ಮುಂದೆಯೇ ಸುತ್ತುತ್ತ ನಿಂತಿತು. ತೆಳು ಬಟ್ಟೆಯ ಮಾಸ್ಕಿನ ಎರಡೂ ಬದಿಯಿಂದ ಒಳಗೆ ಹೋಯಿತು. ಅವಳು ಕೆಮ್ಮಿದಳು. ಈಗ ನಗುತ್ತಿರಲಿಲ್ಲ. ಪಂಖ ಹಾಕಿದೆ. ಹೊಗೆಯನ್ನೆಲ್ಲ ಅದು ಮೇಲಕ್ಕೆ ಎಳೆದುಕೊಂಡಿತು. ಒಂದು ಸ್ವಿಚ್ಚಿನಷ್ಟು ದೂರ, ಅಪ್ಪಾ.

ನಿನ್ನ ಮೆಣಸಿನಕಾಯಿ ಗಾಳಿಗೆ ಬಂದರೆ ಕಣ್ಣು, ಮೂಗು, ಗಂಟಲು ಎಲ್ಲಕ್ಕೂ ಹೇಳುತ್ತಿತ್ತು. ಹಾಗೆ ಹೇಳುವ ಪದಾರ್ಥಕ್ಕೂ ನೀನು ಹೊಗೆ ನೋಡುತ್ತಿದ್ದೆ. ನನ್ನ ಪುಡಿಗೆ ವಾಸನೆಯಿಲ್ಲ, ಉರಿಯಿಲ್ಲ, ಬಿಸಿಲುಕೋಲಿನಲ್ಲಿ ಕೂಡ ಕಾಣದು.

ನಾನು ಕೋಣೆಗೆ ಬೀಗ ಹಾಕುವಾಗ ಬಾಗಿಲಲ್ಲಿ ವಂದನಾ ಕೇಳಿದಳು, “ಖೋಲೀ ಬಂದ್ ಝಾಲೀ ತರ ಮಾಝಂ ಕಾಯ್, ಮ್ಯಾಡಮ್?” ಕೋಣೆ ಮುಚ್ಚಿದರೆ ನನ್ನ ಗತಿ ಏನು? ಕೆಮ್ಮಿನ ಗತಿ ಏನೆಂದು ಅವಳು ಕೇಳಲಿಲ್ಲ. ಆ ಕೆಮ್ಮು ಈ ಪುಡಿಯದೇ ಎಂದು ನಾನು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಉಳಿದ ಜೀವಮಾನವೆಲ್ಲ ಬಹುಶಃ ಹೀಗೇ…

ಮಧ್ಯಾಹ್ನವೆಲ್ಲ ಕೂತು ತೀರ್ಮಾನಿಸಿದ್ದನ್ನು ನಿನಗೆ ಬರೆದಿಡುತ್ತೇನೆ, ಬರೆದರೆ ಹಿಂದೆಗೆಯಲಾರೆ ಎಂದು. ನಾಳೆ ಮೊದಲು ವಂದನಾಳಿಗೆ, ಪಂಖ ನಿಲ್ಲಿಸಿದ ತಪ್ಪು ನನ್ನದು, ನಿನ್ನದಲ್ಲ ಎಂದು ಹೇಳುವುದು. ಆಮೇಲೆ ಮ್ಯಾನೇಜರರಿಗೆ, ಎರಡು ವರ್ಷದ ನನ್ನ ಸಹಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಬರೆದುಕೊಡುವುದು. ಕೈಗವಸು ಜೋಡಿಸಿದ, ಪೂರ್ತಿ ಮುಚ್ಚಿದ ಪೆಟ್ಟಿಗೆ ಬರುವ ತನಕ ಆ ಕೋಣೆಯಲ್ಲಿ ಯಾರೂ ತೂಗಬಾರದು, ಅಲ್ಲಿಯವರೆಗೆ ಅವಳಿಗೆ ಬೇರೆ ಕೆಲಸ ಕೊಡಬೇಕು ಎಂದು ಕೇಳುವುದು. ಕೊಡದಿದ್ದರೆ? ಅದು ಗೊತ್ತಿಲ್ಲ.

ಮ್ಯಾನೇಜರರು ಮತ್ತೆ ನಗುತ್ತಾರೆ. ಉಳಿದ ಕಡ್ಡಿಗಳು ನನ್ನ ಚೀಲದಲ್ಲಿವೆ. ಪಂಖ ನಿಲ್ಲಿಸಿ, ವಂದನಾ ನಿಲ್ಲುವ ಜಾಗದಲ್ಲಿ ಅವರನ್ನು ನಿಲ್ಲಿಸಿ, ಒಂದು ಹಚ್ಚುತ್ತೇನೆ.

ಗಿರಿಜಾ