ಪೆಟ್ಟಿಗೆಯೊಳಗಿನ ಕೂಸು

ಹೌಯು ಹಳ್ಳಿ
ಎರಡನೇ ತಿಂಗಳ ಮೊದಲ ದಿನ

ಮುದ್ದಿನ ವೆನ್‌ಚಿಯು,

ಇವತ್ತು ನನ್ನ ವ್ರತ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದೆ ನವಣೆ ಗಂಜಿ ಕುಡಿದು, ಕರುಣೆಯ ದೇವಿ ಗುವಾನ್‌ಯಿನ್ ತಾಯಿಗೆ ಊದುಬತ್ತಿ ಹಚ್ಚಿ, ಕೋಳಿಗೂಡು ಗುಡಿಸಿ, ಒಲೆಯ ಬೂದಿ ತೆಗೆದು ಈಗಷ್ಟೇ ಕೂತಿದ್ದೇನೆ. ಹೇಗಿದ್ದೀಯ? ಚಳಿಗೆ ನಿನಗೆ ಕೆಮ್ಮು ಹಿಡಿದಿದೆ ಎಂದು ನಿನ್ನ ಅಮ್ಮ ಹೇಳಿದಳು. ಮರಸೇಬನ್ನು ಕಲ್ಲುಸಕ್ಕರೆ ಜೊತೆ ಬೇಯಿಸಿ ತಿನ್ನು. ಅವಳ ಮಂಡಿನೋವಿಗೆ ನಾನು ಕಳಿಸಿದ ಎಣ್ಣೆಯನ್ನು ಹಚ್ಚುತ್ತಾಳೋ, ಬೀರುವಿನಲ್ಲಿಟ್ಟು ನೋಡುತ್ತಾಳೋ, ಅದನ್ನೂ ಬರಿ.

ನಮ್ಮ ಮೇಳದ ಹಳೆಯ ಸೇಡಿನ ನಾಟಕದ ಮೇಲೆ ನೀನು ಬರೆದ ಲೇಖನ ಊರಿಗೆ ಬಂತು. ಶಾಲೆಯ ಮೇಷ್ಟ್ರು ಅದನ್ನು ರಂಗದ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ನಾನು ವೇಷದ ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಾ ಕೇಳಿದೆ. ಹಿಂದಿನ ಪಂಡಿತರು ಆ ನಾಟಕವನ್ನು ಮಗನ ಪಿತೃಭಕ್ತಿ ಎಂದರಂತೆ, ಈಗಿನವರು ಸೇಡೇ ಒಂದು ರೋಗ ಎನ್ನುತ್ತಾರಂತೆ. ನೀನು ಅವರಿಬ್ಬರನ್ನೂ ಬಿಟ್ಟು ತಾಯಿಯನ್ನು ಹಿಡಿದಿದ್ದೀಯ. ಗಂಡನನ್ನು ಕೊಂದವರು ಮನೆಗೆ ಬರುವ ಮೊದಲು ಅವಳು ಎಳೆಗೂಸನ್ನು ದಾರಿಹೋಕನ ಕೈಗೆ ಕೊಡುತ್ತಾಳೆ, ದೊಡ್ಡವನಾಗಿ ಸೇಡು ತೀರಿಸಲಿ ಎಂದು. ಆಗ ಅವಳಿಗೆ ಒಂದು ಮಾತೂ ಇಲ್ಲ. ಅವಳು ಕೊಟ್ಟದ್ದು ಮಗುವನ್ನಲ್ಲ, ಕತ್ತಿಯನ್ನು. ಸಂಕಟವಿಲ್ಲದವಳಿಗೆ ಮಾತೇಕೆ, ಎಂದು ಬರೆದಿದ್ದೀಯ.

ಮೇಳದ ಯಜಮಾನ ಗೆಂಗ್ ಮಾವನಿಗೆ ಸಿಟ್ಟು ಬಂತು. "ಆ ಹುಡ್ಗಿ ಪುಸ್ತಕ ಓದವ್ಳೆ, ನಾಟ್ಕ ನೋಡಿಲ್ಲ" ಎಂದರು. ನಗಾರಿ ಬಾರಿಸುವ ಬಾಯ್ ಎಂಬವನು ಸುಮ್ಮನಿರುತ್ತಾನೆಯೇ. "ನಿಮ್ ನಾಟ್ಕ ನೋಡಿದ್ರೆ ಅವ್ಳೂ ಸೇಡು ತೀರಿಸ್ಕೊಳ್ಳೋಕೆ ಬರ್ತಾಳೆ, ಬಿಡಣ್ಣ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿದ್ದ ಮರದ ಕೂಸನ್ನು ವೇಷದ ಪೆಟ್ಟಿಗೆಗಿಡುವುದು ಮಾತ್ರ ಮರೆತೇಹೋಯಿತು.

ಆ ದೃಶ್ಯದ ಮರದ ಕೂಸು ನಮಗೆ ದೇವರಿದ್ದ ಹಾಗೆ. ವೇಷ ಕಟ್ಟಿದವರೆಲ್ಲ ಅದಕ್ಕೆ ಕೈಮುಗಿದೇ ರಂಗಕ್ಕೆ ಹೋಗುವುದು. ಪೆಟ್ಟಿಗೆಯಲ್ಲಿ ಬೋರಲಾಗಿಯೇ ಮಲಗಿಸಬೇಕು, ಅಂಗಾತ ಇಟ್ಟರೆ ಎದ್ದು ಅಲೆಯುತ್ತದೆ ಎನ್ನುತ್ತಾರೆ. ಅದರ ಮುಖ ಮೇಲಾಗುವುದು ಆ ತಾಯಿಯ ತೋಳಿನಲ್ಲಿ ಮಾತ್ರ. ಪುಸ್ತಕದಲ್ಲಿ ಅವಳಿಗೆ ಮಾತಿಲ್ಲ, ನಿಜ. ಆದರೆ ನಮ್ಮೂರಲ್ಲಿ ಆ ವೇಷ ಹಾಕಿದವರೆಲ್ಲ ಕೂಸಿನ ಟೋಪಿ ಎಳೆದು ಕಿವಿ ಮುಚ್ಚುತ್ತಾರೆ, ಕಾಲಿಗೆ ಬಟ್ಟೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ನಗಾರಿ ಅವಸರ ಮಾಡಿದರೂ ಕೈ ನಿಲ್ಲಿಸುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ನಿನಗೆ ಹೇಗೆ ಗೊತ್ತಾಗಬೇಕು ಹೇಳು.

ನಲವತ್ತು ದಿನದ ನಿನ್ನನ್ನು ನನ್ನ ನಾದಿನಿಯ ಮಡಿಲಿಗೆ ಹಾಕಿದಾಗ ನಾನೂ ಮಾತಾಡಲಿಲ್ಲ ಮಗಳೇ. ಎರಡನೆಯದೂ ಹೆಣ್ಣು, ಮನೆಯವರಿಗೆ ಗಂಡು ಬೇಕು, ನೀನು ಲೆಕ್ಕದಲ್ಲಿದ್ದರೆ ಮೂರನೆಯದಕ್ಕೆ ಕಾಯಿದೆ ಬಿಡದು. ಅವಳಿಗೋ ಮಕ್ಕಳಿರಲಿಲ್ಲ. ಅವಳು ನಿನಗೆ ಒಳ್ಳೆಯ ಅಮ್ಮನಾದಳು, ಅದಕ್ಕೆ ದಿನವೂ ಕೈಮುಗಿಯುತ್ತೇನೆ. ಹದಿನಾರನೇ ವಯಸ್ಸಿಗೆ ನಿನಗೆ ವಿಷಯ ತಿಳಿದ ಮೇಲೆ ನೀನು ಇತ್ತ ಬರಲೇ ಇಲ್ಲ. ಮೇಷ್ಟ್ರು ಓದುವಾಗ, ನೀನು ಬರೆದದ್ದು ಯಾವ ತಾಯಿಯ ಬಗ್ಗೆ ಎಂದು ನನಗೆ ಅನ್ನಿಸಿತು.

ಈ ತಿಂಗಳ ಹತ್ತೊಂಬತ್ತಕ್ಕೆ ಗುವಾನ್‌ಯಿನ್ ತಾಯಿಯ ಹುಟ್ಟಿದ ದಿನ, ಮಧ್ಯಾಹ್ನ ಅದೇ ನಾಟಕ. ಬಂದು ನೋಡು. ನೋಡಿದ ಮೇಲೂ ಹಾಗೇ ಅನ್ನಿಸಿದರೆ ಹಾಗೇ ಬರಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಗುವಾನ್‌ಯಿನ್ ತಾಯಿ ನಿನ್ನ ನೆತ್ತಿ ಕಾಯಲಿ. ನಿನ್ನ ಅಮ್ಮನಿಗೆ ನನ್ನ ನೆನಪು ಹೇಳು.

ನೀನು ಕರೆಯುವಂತೆಯೇ, ನಿನ್ನ ಅತ್ತೆ
ಚಾಯ್‌ಫೆಂಗ್

ಮರೆತಿದ್ದೆ: ಈ ಕಾಗದ ಒಯ್ಯಲು ಬಾಯ್ ಸಂತೆಗೆ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಕೂಸಿನ ಒಂದು ಕಾಲಿಗೆ ನೀಲಿ ಬೂಟು, ಇನ್ನೊಂದಕ್ಕೆ ಹುಲಿಮುಖ ಹೊಲಿದ ಕೆಂಪು ಬೂಟು. ಜೋಡಿಯಿಲ್ಲ ಎಂದು ಊರೆಲ್ಲ ನಗುತ್ತದೆ. ಕೆಂಪಿನದು ನಿನ್ನದು. ಅವತ್ತು ನಿನ್ನ ಕಾಲಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿರುವಾಗಲೇ ಗಾಡಿ ಹೊರಟಿತು, ಒಂದು ನನ್ನ ಕೈಯಲ್ಲೇ ಉಳಿಯಿತು. ಇನ್ನೊಂದು ನಿನ್ನ ಅಮ್ಮನ ಹತ್ತಿರ ಇದ್ದೀತು, ಕೇಳು. ಬರುವುದಾದರೆ ತಾ. ಬರದಿದ್ದರೂ ಸಂತೆಯ ಔಷಧಿ ಅಂಗಡಿಯ ವಿಳಾಸಕ್ಕೆ ಒಂದು ಸಾಲು ಹಾಕು. ಮುಂದಿನ ಸಂತೆಗೆ ಹೋದಾಗ ಮರೆಯದೆ ಕೇಳಿ ತಂದುಕೊಡಪ್ಪಾ ಎಂದು ಬಾಯ್‌ನನ್ನು ಬೇಡಿಕೊಂಡಿದ್ದೇನೆ.